ಗೂಬೆ ಕೂರಿಸಿದ್ದು

ಹದ್ದು ಬಂದು ಮರಿಯನ್ನು ಎತ್ತಿಕೊಂಡು ಹೋದಾಗ ಗಸ್ತಣ್ಣ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಹಿತ್ತಲಿನ ನಲ್ಲಿಯ ಪಕ್ಕದಲ್ಲೇ ನಿಂತಿದ್ದ. ಮೊದಲು ನೆಲದ ಮೇಲೆ ಒಂದು ನೆರಳು ಸರಿಯಿತು. ತಾಯಿಕೋಳಿ ಗಂಟಲು ಹರಿದುಕೊಂಡು ಕೂಗಿ ರೆಕ್ಕೆ ಬಿಚ್ಚಿತು. ಮರಿಗಳೆಲ್ಲ ಅದರ ಹೊಟ್ಟೆಯಡಿಗೆ ನುಗ್ಗಿದರೂ ಒಂದು ಮಾತ್ರ ನಲ್ಲಿಯ ಕೆಳಗಿನ ಒದ್ದೆ ಮಣ್ಣು ಕೆದಕುತ್ತ ಹಿಂದೆ ಉಳಿಯಿತು. ಕೂಗೋಣವೆಂದರೆ ಬಾಯಲ್ಲಿ ನೊರೆ. ಕೈಯಲ್ಲಿದ್ದ ಬ್ರಷ್ಷನ್ನೇ ಬೀಸಿ ಎಸೆದ. ಅದು ಹದ್ದಿಗೆ ತಾಗುವುದಿರಲಿ, ಒಗೆಯುವ ಕಲ್ಲಿಗೆ ಬಡಿದು ಚರಂಡಿಗೆ ಬಿತ್ತು.

"ಕಣ್ಣೆದುರಿಗೇ ಹೋಯ್ತಲ್ರೀ!" ಹೆಂಡತಿ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಓಡಿ ಬಂದಿದ್ದಳು. "ಮರದ ಬೊಂಬೆ ಥರ ನಿಂತಿದೀರಲ್ಲ. ಅಲ್ಲೂ ಹೀಗೇ ನಿಂತಿದ್ರೇನೋ!"

ಅಂದವಳೇ ನಾಲಗೆ ಕಚ್ಚಿಕೊಂಡು ಒಳಗೆ ಹೋದಳು. ಆದರೆ ಆಡಿದ ಮಾತು ಹಿತ್ತಲಲ್ಲೇ ಉಳಿಯಿತು. 'ಅಲ್ಲೂ' ಎಂದರೆ ಎಲ್ಲಿ ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಬಗ್ಗಿ ಚರಂಡಿಯಲ್ಲಿ ಬ್ರಷ್ ಹುಡುಕತೊಡಗಿದ.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ರಾತ್ರಿಯಿಡೀ ಗಸ್ತು ತಿರುಗುವವನೆಂದು ಬೀದಿಯವರೆಲ್ಲ ಗಸ್ತಣ್ಣ ಎಂದೇ ಕರೆಯುತ್ತಿದ್ದರು. ಆಚೆ ಬೀದಿಯ ದೊಡ್ಡ ಗೋಡೌನಿಗೆ ಅವನು ರಾತ್ರಿ ಪಾಳಿಯ ವಾಚ್‌ಮನ್. ಅಲ್ಲಿ ಗೇಟಿನ ಪಕ್ಕ ರೈಲುಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಗಂಟೆಗೊಮ್ಮೆ ಗೋಡೌನು ಸುತ್ತಿ ಬಂದು, ಕಬ್ಬಿಣದ ಸರಳಿನಿಂದ ಆ ಕಂಬಿಗೆ ಎಷ್ಟು ಗಂಟೆಯೋ ಅಷ್ಟು ಏಟು ಹೊಡೆಯಬೇಕು. ಸುತ್ತಲಿನ ಮನೆಗಳಲ್ಲಿ ಕೆಮ್ಮು ಹತ್ತಿ ಎದ್ದು ಕೂತವರು, ಮಗುವಿಗೆ ಹಾಲೂಡಿಸುವವರು ಆ ಸದ್ದಿನಿಂದಲೇ ಹೊತ್ತು ತಿಳಿಯುತ್ತಿದ್ದರು. ಇಡೀ ಬಡಾವಣೆಯ ನಿದ್ದೆ ತನ್ನ ಸುಪರ್ದಿನಲ್ಲಿದೆ ಎಂದು ಗಸ್ತಣ್ಣನಿಗೆ ಒಳಗೊಳಗೇ ಜಂಬವಿತ್ತು.

ಒಂದು ಬೆಳಿಗ್ಗೆ ನೋಡಿದರೆ ತಾಮ್ರದ ತಂತಿಯ ಸುರುಳಿಗಳು ಮಂಗಮಾಯ. ಬೀಗ ಒಡೆದಿರಲಿಲ್ಲ, ಛಾವಣಿಯ ಶೀಟು ಕಿತ್ತಿರಲಿಲ್ಲ, ಗೋಡೆ ಹಾರಿದ ಗುರುತಿರಲಿಲ್ಲ. "ಏನೂ ಗುರುತಿಲ್ಲ ಅಂದ್ರೆ ಅರ್ಥ ಒಂದೇ," ಎಂದರು ಮ್ಯಾನೇಜರು. "ನೀನು ನಿದ್ದೆ ಹೊಡೀತಿದ್ದೆ." ಕೀಲಿ ಯಾರ ಯಾರ ಹತ್ತಿರ ಇರುತ್ತದೆ ಎಂದು ಕೇಳಲು ಹೊರಟ ಗಸ್ತಣ್ಣ ಅವರ ಮುಖ ನೋಡಿ ಸುಮ್ಮನಾದ. ನಿದ್ದೆ ಮಾಡಿರಲಿಲ್ಲವೆಂದು ಆಣೆಯಿಟ್ಟು ಹೇಳಿದ. ಟೋಪಿ, ಸೀಟಿ, ಟಾರ್ಚು ಮೇಜಿನ ಮೇಲೆ ಇಡಿಸಿಕೊಂಡು ಮನೆಗೆ ಕಳಿಸಿದರು.

"ಸುಮ್ ಸುಮ್ನೆ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ರು," ಎಂದು ಅವನು ಸಿಕ್ಕ ಸಿಕ್ಕವರ ಮುಂದೆಲ್ಲ ಹೇಳಿಕೊಂಡ. ಕೇಳಿದವರು ಲೊಚಗುಟ್ಟಿ, "ಹೋಗ್ಲಿ ಬಿಡು, ವಯಸ್ಸಾಯ್ತಲ್ಲ, ಕಣ್ಣು ಎಳೆಯುತ್ತೆ," ಎಂದು ಸಮಾಧಾನ ಮಾಡುತ್ತಿದ್ದರು. ಬೀದಿಯವರ ಮಾತನ್ನು ನುಂಗಿಕೊಳ್ಳಬಹುದಿತ್ತು. ಹೆಂಡತಿಯೂ ಹಾಗೇ ಅಂದುಕೊಂಡಿದ್ದಾಳೆಯೇ ಎಂಬುದು ಮಾತ್ರ ಅವನನ್ನು ಕೂತಲ್ಲಿ ನಿಂತಲ್ಲಿ ಕೊರೆಯುತ್ತಿತ್ತು. ಅದಕ್ಕೆ ಕಾರಣವೂ ಇತ್ತು.

"ಆವತ್ತು ಎರಡರ ಗಂಟೆ ನಂಗೆ ಕೇಳ್ಲೇ ಇಲ್ಲ," ಎಂದಿದ್ದಳು ಅವಳು.

"ನೀನು ಮಲಗಿದ್ದೆ. ಎಲ್ಲಿಂದ ಕೇಳುತ್ತೆ?"

"ಎದ್ದೇ ಇದ್ದೆ, ಸೊಂಟ ನೋವು. ಒಂದು ಹೊಡೆದದ್ದು ಕೇಳ್ತು, ಮೂರು ಹೊಡೆದದ್ದು ಕೇಳ್ತು. ಎರಡು ಕೇಳ್ಲಿಲ್ಲ."

"ನಡುವೆ ಕಣ್ಣು ಹತ್ತಿರುತ್ತೆ ಕಣೇ."

"ಹತ್ತಿದ್ದು ನಂಗೋ, ನಿಮ್ಗೋ?"

ಆ ಮಾತು ಅಲ್ಲಿಗೇ ನಿಂತಿತ್ತು. ಮತ್ತೆ ಇಬ್ಬರೂ ಅದನ್ನು ಎತ್ತಿರಲಿಲ್ಲ, ಮರೆತೂ ಇರಲಿಲ್ಲ. ಮಗಳ ಗಂಡನ ಮನೆಯವರಿಗೆ 'ರಜೆ ಹಾಕಿದ್ದಾರೆ' ಎಂದು ಹೇಳಿಯಾಗಿತ್ತು. ರಜೆ ಉದ್ದವಾದಂತೆಲ್ಲ ಹೆಂಡತಿ ಫೋನಿನಲ್ಲಿ ಮಾತನ್ನು ಗಿಡ್ಡ ಮಾಡುತ್ತ ಬಂದಳು. ಮನೆ ನಡೆಯುತ್ತಿದ್ದುದು ಈಗ ಅವಳ ಕೋಳಿಗಳ ಮೊಟ್ಟೆಯಿಂದ. ಇಷ್ಟು ವರ್ಷ ಹಿತ್ತಲಿನಲ್ಲಿ ಕೋಳಿಗಳಿವೆ ಎಂಬುದೇ ಗಸ್ತಣ್ಣನಿಗೆ ನೆಟ್ಟಗೆ ಗೊತ್ತಿರಲಿಲ್ಲ, ಹಗಲೆಲ್ಲ ಮಲಗುವವನಿಗೆ ಗೊತ್ತಾಗುವುದಾದರೂ ಹೇಗೆ? ಈಗ ಹದ್ದು ಮರಿಯನ್ನು ಒಯ್ದ ದಿನ ಅವನು ಬ್ರಷ್ ತೊಳೆದುಕೊಂಡು ಒಂದು ತೀರ್ಮಾನಕ್ಕೆ ಬಂದ. ಈ ಹಿತ್ತಲನ್ನು ಕಾಯುತ್ತೇನೆ. ಒಂದು ಪುಕ್ಕ ಕೂಡ ಅಲುಗದ ಹಾಗೆ ಕಾದು, ಕಾಯುವುದೆಂದರೇನು ಎಂದು ಇವಳಿಗೆ ತೋರಿಸುತ್ತೇನೆ.

ಗುಜರಿ ಅಂಗಡಿಯಿಂದ ಹರಿದ ವಾಲಿಬಾಲ್ ನೆಟ್ಟುಗಳನ್ನು ತಂದ. ನಿದ್ದೆ ಬಿಟ್ಟು ಹಗಲೆಲ್ಲ ಗೋಣಿ ಹೊಲಿಯುವ ದಬ್ಬಣ ಹಿಡಿದು ಕೂತು ಒಂದಕ್ಕೊಂದು ಹೊಲಿದು ಜೋಡಿಸಿದ. ಕೋಳಿಗೂಡಿನ ಮುಂದಿನ ಅಂಗಳಕ್ಕೆ ಬಿದಿರಿನ ಕಂಬ ನೆಟ್ಟು, ಮೇಲೆ ಆ ಬಲೆ ಬಿಗಿದು, ಅಲ್ಲಲ್ಲಿ ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ಬಿಸಿಲಿಗೆ ಅವು ಫಳಫಳ ಹೊಳೆದು ಪಕ್ಕದ ಮನೆಯ ಗೋಡೆಯ ಮೇಲೆಲ್ಲ ಬೆಳಕು ಕುಣಿಯಿತು. ಮಾರನೆಯ ದಿನ ಹದ್ದು ಬಂದು ಮೇಲೆಯೇ ಸುತ್ತು ಹಾಕಿ ಹಾಕಿ, ಇಳಿಯಲು ದಾರಿ ಕಾಣದೆ ವಾಪಸು ಹೋಯಿತು. ಗಸ್ತಣ್ಣ ಅದನ್ನು ತೋರಿಸಲು ಹೆಂಡತಿಯನ್ನು ಕೂಗಿ ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದು, ಆಕಾಶ ನೋಡಿ, "ಹೂಂ, ಹೋಯ್ತು," ಎಂದಳು.

ಅಷ್ಟಾದರೂ ಅಂದಳಲ್ಲ ಎಂದು ಅವನಿಗೆ ಖುಷಿಯಾಯಿತು.

ಆಮೇಲೆ ದೊಡ್ಡ ಕೋಳಿಗಳು ಕಾಣೆಯಾಗತೊಡಗಿದವು.

ಮೊದಲು ಕೆಂಪಿ ಹೋಯಿತು. ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುತ್ತ ಹೆಂಡತಿ, "ಕೆಂಪಿ ಕಾಣ್ತಿಲ್ಲ ರೀ," ಎಂದಳು. ಗಸ್ತಣ್ಣ ಆಗಷ್ಟೇ ಎದ್ದು ಮುಖ ತೊಳೆಯುತ್ತಿದ್ದ. ಕೆಲಸ ಹೋದರೂ ಮೈಗೆ ಅದು ಗೊತ್ತಾಗಿರಲಿಲ್ಲ. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೂಡಿನ ಪಕ್ಕ ಕುರ್ಚಿ ಹಾಕಿ ಕೂರುವುದು, ಬೆಳಗಾದ ಮೇಲೆ ಹೋಗಿ ಬಿದ್ದುಕೊಂಡರೆ ದೀಪ ಹಚ್ಚುವ ಹೊತ್ತಿಗೆ ಏಳುವುದು, ಇದೇ ಅವನ ಪಾಳಿಯಾಗಿತ್ತು. ಕಳ್ಳತನ ಎಂದರೆ ಅವನ ಲೆಕ್ಕದಲ್ಲಿ ರಾತ್ರಿಯ ವ್ಯವಹಾರ. ಹಗಲಿನಲ್ಲಿ ಏನಾದರೂ ಹೋಗಬಹುದೆಂಬುದು ಅವನ ಕಸುಬಿನಲ್ಲೇ ಇರಲಿಲ್ಲ.

ಬ್ಯಾಟರಿ ಹಿಡಿದು ಬೇಲಿಯ ಸಂದಿ, ಗೊಬ್ಬರದ ಗುಂಡಿ, ಸೌದೆಯ ರಾಶಿ ಎಲ್ಲ ತಡಕಿದ. ಒಂದು ಪುಕ್ಕವೂ ಸಿಗಲಿಲ್ಲ. ಕೆಲವು ದಿನ ಬಿಟ್ಟು ಮೊಂಡುಬಾಲದ್ದು ಹೋಯಿತು. ಆಗಲೂ ಹಾಗೆಯೇ, ಗುರುತು ಅನ್ನುವುದು ಏನೂ ಇಲ್ಲ.

ಪಂಚಾಯಿತಿಗೆ ಕಾಂಪೌಂಡಿನ ಆಚೆಯಿಂದ ರೈಟ್ ಮಾಮ ಬಂದ. ಅವನು ರಿಟೈರಾದ ಬಸ್ ಕಂಡಕ್ಟರು. ಬಸ್ಸು ಬಿಟ್ಟು ಎಷ್ಟು ಕಾಲವಾಗಿದ್ದರೂ ಪ್ರತಿ ಮಾತಿನ ಕೊನೆಗೂ ಒಂದು 'ರೈಟ್' ಹಾಕದಿದ್ದರೆ ಅವನ ಮಾತು ಮುಂದಕ್ಕೆ ಚಲಿಸುತ್ತಿರಲಿಲ್ಲ.

"ಪುಕ್ಕ ಬಿದ್ದಿದೆಯಾ?"

"ಇಲ್ಲ."

"ರಕ್ತ?"

"ಇಲ್ಲ ಮಾರಾಯ."

"ಹಾಗಾದ್ರೆ ಬೆಕ್ಕಲ್ಲ, ನಾಯಿಯಲ್ಲ, ಮುಂಗುಸಿಯಂತೂ ಅಲ್ಲವೇ ಅಲ್ಲ. ಏನೂ ಗುರುತಿಲ್ಲ ಅಂದ್ಮೇಲೆ ಅದೇ." ಅವನು ಹಿತ್ತಲಿನ ಮೂಲೆಯ ಹಳೆಯ ಅತ್ತಿಮರದ ಕಡೆ ಗದ್ದ ಎತ್ತಿದ. ಮರದ ನಡುವಿನಲ್ಲಿ, ಏಣಿಯಿಟ್ಟರೆ ಕೈಗೆಟುಕುವಷ್ಟು ಎತ್ತರದಲ್ಲಿ, ಒಂದು ಪೊಟರೆ. ಅದರಲ್ಲಿ ಬಿಳಿ ಮುಖದ ಗೂಬೆಯೊಂದು ಬಹಳ ಕಾಲದಿಂದ ವಾಸವಾಗಿತ್ತು. "ಅದು ಸದ್ದಿಲ್ದೆ ಹಾರುತ್ತೆ, ಇಡಿಯಾಗಿ ಎತ್ಕೊಂಡು ಹೋಗುತ್ತೆ. ರೈಟ್!"

"ಅಷ್ಟು ದಪ್ಪದ ಕೋಳೀನ ಆ ಹಕ್ಕಿ ಎತ್ತುತ್ತಾ?" ಗಸ್ತಣ್ಣನಿಗೆ ಅನುಮಾನ. ರಾತ್ರಿ ಪಾಳಿಯಲ್ಲಿ ಅವನು ಗೂಬೆಗಳನ್ನು ಬೇಕಾದಷ್ಟು ಕಂಡಿದ್ದ. ಗೋಡೌನಿನ ಇಲಿಗಳ ಹಿಂದೆ ಬೀಳುವುದನ್ನು ಬಿಟ್ಟು ಅವು ಬೇರೇನನ್ನೂ ಮಾಡಿದ್ದನ್ನು ಅವನು ನೋಡಿರಲಿಲ್ಲ.

"ಎತ್ತುತ್ತೆ ರೀ," ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು. "ನಾನೇ ನೋಡಿದೆನಲ್ಲ. ಸಂಜೆ ಕೋಳೀನ ಬಲೆಯಿಂದ ಹೊರಗೆ ಬಿಟ್ಟಾಗ ಆ ಕೊಂಬೆ ಮೇಲೆ ಕೂತು ಇವುಗಳನ್ನೇ ನುಂಗೋ ಹಾಗೆ ನೋಡ್ತಿತ್ತು." ಅಷ್ಟು ಹೇಳಿ ಅವಳು ತೊಳೆದಿಟ್ಟಿದ್ದ ಬಾಣಲೆಯನ್ನೇ ಮತ್ತೊಮ್ಮೆ ಉಜ್ಜತೊಡಗಿದಳು.

ಕಣ್ಣಾರೆ ಕಂಡವಳು ಹೇಳಿದ ಮೇಲೆ ಇನ್ನೇನು ಮಾತು? ಗಸ್ತಣ್ಣ ಆವತ್ತಿನಿಂದ ಹೊತ್ತು ಮುಳುಗುವ ಮೊದಲೇ ಎದ್ದು, ಕೋಲು ಹಿಡಿದು ಮರದ ಕೆಳಗೆ ಕೂರತೊಡಗಿದ. ಹಾಗೆ ಕೂತ ದಿನಗಳಲ್ಲೇ ಒಂದು ಸಂಜೆ ಹೆಂಡತಿ, "ದೊರೆಸಾನಿ ಎಲ್ಲಿ?" ಎಂದಳು.

ದೊರೆಸಾನಿ ಬೋಳುಕತ್ತಿನ ಕೋಳಿ. ಕೊರಳಲ್ಲಿ ಒಂದು ಪುಕ್ಕವಿಲ್ಲದಿದ್ದರೂ, ಎಡಗಾಲಿನ ಒಂದು ಬೆರಳು ಸೊಟ್ಟಗಿದ್ದರೂ, ನಡಿಗೆಯಲ್ಲಿ ಮಾತ್ರ ಅರಮನೆಯ ಠೀವಿ. ಗಸ್ತಣ್ಣ ನಾಲಗೆಯಿಂದ ಟಕ್ ಟಕ್ ಎಂದರೆ ಉಳಿದವನ್ನೆಲ್ಲ ತಳ್ಳಿಕೊಂಡು ಬಂದು ಅವನ ಚಪ್ಪಲಿಯ ಮೇಲೆ ನಿಲ್ಲುತ್ತಿತ್ತು. ಕೆಲಸ ಹೋದ ಮೇಲೆ ತನ್ನನ್ನು ಕಂಡು ಓಡಿ ಬರುವ ಜೀವ ಇದೊಂದೇ ಎಂದು ಅವನು ತಮಾಷೆಗೆ ಹೇಳುತ್ತಿದ್ದುದರಲ್ಲಿ ಸುಳ್ಳು ಕಡಿಮೆಯಿತ್ತು.

"ನಾನು ಇಲ್ಲೇ ಕೂತಿದ್ದೆನಲ್ಲೇ! ಗೂಬೆ ಇನ್ನೂ ಹೊರಗೇ ಬಂದಿಲ್ಲ."

"ಮಧ್ಯಾಹ್ನ ಮೋಡ ಕವಿದು ಕತ್ತಲಾಗಿತ್ತಲ್ಲ, ಆಗ ಬಂದಿರ್ಬೇಕು. ನಿಮ್ಗೆ ಒಳ್ಳೆ ನಿದ್ದೆ," ಎಂದಳು ಅವಳು, ಬೇರೆ ಕಡೆ ನೋಡುತ್ತ.

ನಿದ್ದೆ ಎಂಬ ಮಾತು ಕೇಳಿದ್ದೇ ಗಸ್ತಣ್ಣನ ತಲೆ ಕೆಟ್ಟಿತು. ಮಾರನೆಯ ಸಂಜೆಯೇ ಒಡೆದ ಇಟ್ಟಿಗೆ, ಒಂದು ಬಾಂಡಲಿ ಸಿಮೆಂಟು, ಕರಣೆ ಎಲ್ಲ ಸಿದ್ಧ ಮಾಡಿಕೊಂಡ. ರೈಟ್ ಮಾಮ ಏಣಿ ಹಿಡಿಯಲು ಬಂದ. ಕಲ್ಲು ಹೊಡೆದು ಕೊಂದುಬಿಡು ಎಂದು ಅವನ ಸಲಹೆ. ಗಸ್ತಣ್ಣ ಒಪ್ಪಲಿಲ್ಲ. "ಪಾಪ, ಕೊಲ್ಲೋದ್ಯಾಕೆ? ಬಾಗಿಲು ಮುಚ್ಚಿದ್ರೆ ತಾನೇ ಬೇರೆ ಮನೆ ನೋಡ್ಕೊಳ್ಳುತ್ತೆ." ಗೂಬೆ ಹೊರಗೆ ಹಾರಿ ಹೋಗುವವರೆಗೆ ಇಬ್ಬರೂ ಕಾದರು. ಅದು ಮನೆಗಳ ಛಾವಣಿ ದಾಟಿ ಮರೆಯಾದ ಮೇಲೆ ಅವನು ಏಣಿ ಹತ್ತಿದ.

ಪೊಟರೆಯ ಬಾಯಿಗೆ ಮೊದಲ ಇಟ್ಟಿಗೆ ಇಡುವಾಗ ಒಳಗಿನಿಂದ ಏನೋ ಸದ್ದು ಕೇಳಿಸಿತು. ಯಾರೋ ಗಾಢವಾಗಿ ಮಲಗಿ ಗೊರಕೆ ಹೊಡೆಯುವಂಥ ಸದ್ದು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಒಳಗೆ ಏನೋ ಇದೆ ಕಣೋ."

"ಏನಿರುತ್ತೆ, ಗಾಳಿ. ಪೊಟರೆ ಅಂದ್ಮೇಲೆ ಗಾಳಿ ಆಡ್ದೆ ಇರುತ್ತಾ? ಮೆತ್ತು ಬೇಗ, ಸಿಮೆಂಟು ಗಟ್ಟಿಯಾಗುತ್ತೆ. ರೈಟ್!"

ಗಸ್ತಣ್ಣ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಲ್ಲಿ ನಿಂತಿದ್ದಳು. ಏನೋ ಹೇಳುವವಳಂತೆ ಒಂದು ಹೆಜ್ಜೆ ಮುಂದಕ್ಕಿಟ್ಟು, ಮತ್ತೆ ತಿರುಗಿ ಒಳಗೆ ಹೋದಳು. ಅವನು ಮೆತ್ತಿದ. ಕಟ್ಟಡದ ಕೆಲಸದವರನ್ನೂ ನಾಚಿಸುವಂತೆ ನುಣ್ಣಗೆ ಸವರಿ, ಸಂದಿಗೊಂದಿಗಳಿಗೆಲ್ಲ ಬೆರಳಿನಿಂದ ಒತ್ತಿ ಇಳಿದ. "ನನ್ನ ತಲೆ ಮೇಲೆ ಕೂತಿದ್ದ ಗೂಬೇನ ಇವತ್ತು ಇಳಿಸಿದೆ ನೋಡು," ಎಂದ. ರೈಟ್ ಮಾಮ ಹೊಟ್ಟೆ ಹಿಡಿದು ನಕ್ಕ.

ಗೂಬೆ ವಾಪಸು ಬಂತು. ಒಂದು ದಿನವಲ್ಲ, ಹಲವು ದಿನ, ಕತ್ತಲಾಗುವ ಹೊತ್ತಿಗೆ ಸರಿಯಾಗಿ ಬಂದು ಸಿಮೆಂಟಿನ ಮೇಲೆ ಉಗುರು ಕೆರೆಯುತ್ತಿತ್ತು. ರೆಕ್ಕೆ ಬಡಿದು ಹಿಂದಕ್ಕೆ ಬಂದು ಕೊಂಬೆಯ ಮೇಲೆ ಕೂತು, ಮತ್ತೆ ಹೋಗಿ ಕೆರೆಯುತ್ತಿತ್ತು. ಅದರ ಕೊಕ್ಕಿನಲ್ಲಿ ಏನೋ ಇರುತ್ತಿತ್ತು.

"ನೋಡಿದ್ಯಾ? ಈಗ ಯಾರ ಮನೆ ಮರೀನೋ ಕದ್ದು ತಂದಿದೆ. ರೈಟ್!" ಎಂದ ರೈಟ್ ಮಾಮ.

ಕೊಕ್ಕಿನಿಂದ ದಾರದಂಥ ಬಾಲವೊಂದು ಇಳಿಬಿದ್ದಿದ್ದನ್ನು ಗಸ್ತಣ್ಣ ನೋಡಿದ. ಕೋಳಿಮರಿಗೆ ಅಂಥ ಬಾಲವಿರುವುದಿಲ್ಲವೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ತಿನ್ನುವುದನ್ನು ಕೊಕ್ಕಿನಲ್ಲಿ ಇಟ್ಟುಕೊಂಡು ಹಕ್ಕಿ ಮುಚ್ಚಿದ ಬಾಗಿಲಿಗೆ ಯಾಕೆ ಬರುತ್ತದೆ ಎಂದೂ ಅವನು ಯೋಚಿಸಲಿಲ್ಲ. ಆಮೇಲೆ ಒಂದು ದಿನದಿಂದ ಅದು ಬರುವುದು ನಿಂತಿತು.

ಕೋಳಿಗಳು ಹೋಗುವುದೂ ನಿಂತಿತು. ದಿನ ಕಳೆದು ವಾರವಾಯಿತು, ವಾರ ಕಳೆದು ಮತ್ತೊಂದು ವಾರವಾಯಿತು, ಗೂಡಿನಲ್ಲಿ ಎಲ್ಲ ಇದ್ದ ಹಾಗೇ ಇದ್ದವು. ಊಟಕ್ಕೆ ಬಡಿಸುತ್ತ ಹೆಂಡತಿ, "ನೀವು ಮುಚ್ಚಿದ್ದು ಒಳ್ಳೇದಾಯ್ತು ಬಿಡಿ," ಎಂದಳು. ಗಸ್ತಣ್ಣ ಆವತ್ತು ಇನ್ನೊಂದು ಸಲ ಅನ್ನ ಹಾಕಿಸಿಕೊಂಡ. ಎಷ್ಟೋ ದಿನಗಳ ಮೇಲೆ ರಾತ್ರಿ ಹಾಸಿಗೆಯ ಮೇಲೆ ಮಲಗಿ ನಿದ್ದೆ ಮಾಡಿದ. ಬೀದಿಯಲ್ಲಿ ಎದೆ ಸೆಟೆಸಿ ನಡೆದ. ಕೋಳಿ ಸಾಕುವವರು ಸಿಕ್ಕರೆ ಹದ್ದಿಗೇನು, ಗೂಬೆಗೇನು, ಕಾಗೆಗೇನು ಮಾಡಬೇಕೆಂದು ನಿಲ್ಲಿಸಿ ಪಾಠ ಹೇಳುತ್ತಿದ್ದ. ಇವಳು ಈಗ ನಂಬಿದ್ದಾಳೆ ಎಂದುಕೊಂಡ. ಕೋಳಿಯನ್ನು ಕಾದವನು ಗೋಡೌನನ್ನೂ ಕಾದೇ ಇರಬೇಕು ಎಂದು ಅವಳಿಗೆ ಈಗ ಅನ್ನಿಸಿರಲೇಬೇಕು.

ಅದೇ ವಾರ ಗೋಡೌನಿನಿಂದ ಫೋನು ಬಂತು. ಮ್ಯಾನೇಜರು ಮನೆಗೆ ಬರಹೇಳಿದ್ದಾರೆ.

"ನಿಜ ಹೊರಗೆ ಬಂದಿರ್ಬೇಕು ಕಣೇ!" ಗಸ್ತಣ್ಣ ಕೋಣೆಯಿಂದ ಕೋಣೆಗೆ ಓಡಾಡಿದ. "ಕಳ್ಳ ಸಿಕ್ಕಿರ್ಬೇಕು. ಕ್ಷಮಿಸು ಅಂತಾರೆ ನೋಡ್ತಿರು. ಅಂದ್ರೆ ನಾನೇನು ಅನ್ಲಿ?"

ಹೆಂಡತಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆಯೆತ್ತಲಿಲ್ಲ. "ಅಲ್ಲಿ ಹೋಗಿ ಜಾಸ್ತಿ ಮಾತಾಡ್ಬೇಡಿ. ಅವರು ಏನಂದ್ರೂ ಹೂಂ ಅನ್ನಿ, ಸಾಕು."

ಮ್ಯಾನೇಜರ ಮನೆ ಹೊಸದು. ಮುಂಬಾಗಿಲಲ್ಲಿ ಟೈಲ್ಸ್ ಆಗಷ್ಟೇ ಒರೆಸಿದ್ದರಿಂದ ಅವನನ್ನು ಪಕ್ಕದ ಓಣಿಯಿಂದ ಹಿಂದಕ್ಕೆ ಬರಲು ಹೇಳಿದರು. ಹಿಂದೆ ಸಣ್ಣ ಅಂಗಳ, ಒಂದು ತುಳಿದು ಸವೆದ ಹುಲ್ಲಿನ ಹಾಸು, ಮೂಲೆಯಲ್ಲಿ ಅಂಗಡಿಯಿಂದ ತಂದ ಹಸಿರು ಬಣ್ಣದ ಗೂಡು. ಮ್ಯಾನೇಜರು ಬೆತ್ತದ ಕುರ್ಚಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಕೋಳಿಗಳಿಗೆ ಕಾಳು ಎರಚುತ್ತಿದ್ದರು. ಗಸ್ತಣ್ಣ ನಮಸ್ಕಾರ ಮಾಡಿ ನೆಟ್ಟಗಾಗುವಷ್ಟರಲ್ಲಿ ಕಾಳು ಬಿಟ್ಟು ಒಂದು ಕೋಳಿ ಅವನತ್ತ ಬಂತು. ಬೋಳು ಕತ್ತು, ಸೊಟ್ಟ ಬೆರಳು, ಅದೇ ಠೀವಿ. ಬಂದು ಅವನ ಚಪ್ಪಲಿಯ ಮೇಲೆ ನಿಂತಿತು.

"ಅಯ್ಯೋ, ಗುರುತು ಹಿಡೀತಲ್ಲ!" ಎಂದರು ಮೇಡಂ ನಗುತ್ತ. "ನಿಮ್ಮಾಕೆ ತಂದುಕೊಟ್ಟಿದ್ದು. ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಬಿಸಿಲಿನಲ್ಲಿ ಚೀಲದಲ್ಲಿಟ್ಕೊಂಡು ಬಂದಿದ್ರು ಪಾಪ. ಬಂದಾಗಲೆಲ್ಲ ಅತ್ತಿದ್ದೇ ಅತ್ತಿದ್ದು."

ಕೆಂಪಿ ಹಸಿರು ಗೂಡಿನ ಬಾಗಿಲಲ್ಲಿ ಮಲಗಿತ್ತು. ಮೊಂಡುಬಾಲದ್ದು ಅದರ ಪಕ್ಕದಲ್ಲಿ ಮಣ್ಣು ಕೆದಕುತ್ತಿತ್ತು. ಗಸ್ತಣ್ಣ ಕಣ್ಣಿನಲ್ಲೇ ಎಣಿಸಿದ, ಮೂರೂ ಇದ್ದವು.

"ನೋಡು," ಎಂದರು ಮ್ಯಾನೇಜರು ಹೆಬ್ಬೆರಳಿನಿಂದ ಕಣ್ಣು ತೆಗೆಯದೆ. "ನಿನ್ನ ಹೆಂಡ್ತಿ ಬಂದು ಎಲ್ಲ ಒಪ್ಕೊಂಡ್ರು. ಎರಡರ ಗಂಟೆ ಹೊಡೆದಿರ್ಲಿಲ್ಲ ಅಂತ ಅವರೇ ಹೇಳಿದ್ರು. ನಿದ್ದೆ ಬಂದುಬಿಟ್ಟಿತ್ತು, ಹೇಳೋಕೆ ನಾಚಿಕೆ ಪಡ್ತಾರೆ, ಹೊಟ್ಟೆ ಮೇಲೆ ಹೊಡೀಬೇಡಿ ಅಂತ ಕಾಲು ಹಿಡಿಯೋಕೆ ಬಂದ್ರು. ಆವತ್ತೇ ನೀನು ಹೀಗೆ ಮರ್ಯಾದೆಯಾಗಿ ಒಪ್ಕೊಂಡಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಕತ್ತರಿ ಟಿಕ್ ಎಂದಿತು. "ನಾಳೆಯಿಂದ ಬಾ. ಗೇಟಿಗೆ ಬೇಡ, ಅಲ್ಲಿಗೆ ಬೇರೆಯವನಿದ್ದಾನೆ. ಹಿಂದೆ ಖಾಲಿ ಡ್ರಮ್ಮು ಇಡೋ ಶೆಡ್ಡು ಇದೆಯಲ್ಲ, ಅದನ್ನ ನೋಡ್ಕೋ. ಅಲ್ಲಿ ನಿದ್ದೆ ಬಂದ್ರೂ ನಷ್ಟ ಇಲ್ಲ. ಏನಂತೀಯ?"

'ನಾನು ನಿದ್ದೆ ಮಾಡಿರಲಿಲ್ಲ ಸಾರ್.' ಇಷ್ಟು ದಿನ ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದ ಮಾತು, ಹೇಳಬೇಕಾದವರ ಮುಂದೆ ಈಗ ಆಡುವ ಹಾಗಿರಲಿಲ್ಲ. ಹೇಳಿದರೆ ಹೆಂಡತಿ ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ ತಾನು ಕೊನೆಯವರೆಗೂ ನಿದ್ದೆಗೇಡಿ ವಾಚ್‌ಮನ್ ಆಗುತ್ತಾನೆ. ಮಗಳಿಗೆ ರಜೆ ಮುಗಿಯಿತೆಂದು ಹೇಳಬಹುದು.

"ಹೂಂ ಸಾರ್," ಎಂದ.

ಮೇಲೆ ಒಂದು ಹದ್ದು ತೇಲುತ್ತಿತ್ತು. ಅವನಿಗೇ ಗೊತ್ತಿಲ್ಲದಂತೆ ಬಾಯಿಂದ ಮಾತು ಬಂತು. "ಅಂಗಳಕ್ಕೆ ಬಲೆ ಕಟ್ಟಿಲ್ಲ ಮೇಡಂ. ಹದ್ದು ಬರುತ್ತೆ."

"ಹೌದಾ? ನಂಗೆ ಇದೆಲ್ಲ ಗೊತ್ತಾಗಲ್ಲ. ಹೇಗೂ ಬಂದಿದೀರಲ್ಲ, ಒಂದು ಕಟ್ಟಿಕೊಟ್ಟೇ ಹೋಗಿ."

ಕಟ್ಟಿದ. ಅವರು ತಂದುಕೊಟ್ಟ ಹಸಿರು ನೆಟ್ಟನ್ನು ಗೋಡೆಯ ಮೊಳೆಗಳಿಗೆ ಬಿಗಿದು, ಸಂದಿ ಉಳಿದ ಕಡೆ ತಂತಿಯಿಂದ ಹೊಲಿದು, ತನ್ನ ಮೂರು ಕೋಳಿಗಳನ್ನು ಪರರ ಅಂಗಳದಲ್ಲಿ ಭದ್ರ ಮಾಡಿದ. ದೊರೆಸಾನಿ ಅಷ್ಟು ಹೊತ್ತೂ ಅವನ ಕಾಲಿಗೆ ಅಡ್ಡಾಡುತ್ತಲೇ ಇತ್ತು.

ಮನೆಗೆ ನಡೆದು ಬರುತ್ತ ಅವನಿಗೆ ಒಂದೊಂದೇ ಬಿಚ್ಚಿಕೊಂಡಿತು. ಕೋಳಿಗಳು ಹೋದದ್ದು ರಾತ್ರಿಯಲ್ಲ, ಸಂಜೆಯಲ್ಲ, ಅವನು ಗೊರಕೆ ಹೊಡೆಯುತ್ತಿದ್ದ ನಡುಮಧ್ಯಾಹ್ನ, ಮನೆಯ ಬಾಗಿಲಿನಿಂದಲೇ. ಗೋಡೌನಿನಲ್ಲಿ ಮಾಡದ ನಿದ್ದೆಯನ್ನು ಅವನು ಮನೆಯಲ್ಲಿ ಮಾಡಿದ್ದ. ನಗು ಬಂದಂತಾಯಿತು, ಅದು ಅರ್ಧಕ್ಕೇ ಸತ್ತಿತು. ಆಗ ಆ ಗೊರಕೆಯ ಸದ್ದು ನೆನಪಾಯಿತು. ಕೊಕ್ಕಿನಿಂದ ಇಳಿಬಿದ್ದಿದ್ದ ಇಲಿಬಾಲ ನೆನಪಾಯಿತು. ಪೊಟರೆಯೊಳಗೆ ಗೊರಗುಟ್ಟುತ್ತಿದ್ದುದು ಅದರ ಹಸಿದ ಮರಿಗಳು. ಗೂಬೆಯ ತಲೆಯ ಮೇಲೇ ಗೂಬೆ ಕೂರಿಸಿದವನು ಪ್ರಪಂಚದಲ್ಲಿ ತಾನೊಬ್ಬನೇ ಇರಬೇಕು ಎನ್ನಿಸಿ ಅವನ ಹೆಜ್ಜೆಗಳು ಬೇಗ ಬೇಗ ಬಿದ್ದವು.

ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಏನಂದ್ರು?"

"ನಾಳೆಯಿಂದ ಬಾ ಅಂದ್ರು."

ಅವಳ ಮುಖ ಅರಳಿತು. ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಸಂತೋಷವೆಂದು ಅವನಿಗೂ ಕಂಡಿತು, ಕಂಡದ್ದರಿಂದ ಇನ್ನಷ್ಟು ಸಂಕಟವಾಯಿತು.

"ದೊರೆಸಾನಿ ಚೆನ್ನಾಗಿದ್ದಾಳೆ," ಎಂದ.

ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. "ಇನ್ನೇನು ಮಾಡ್ಲಿ ಹೇಳಿ," ಎಂದಳು. "ನೀವು ಒಪ್ಪಲ್ಲ, ಅವರು ಬಿಡಲ್ಲ. ಮಗಳು ಫೋನ್ ಮಾಡಿದಾಗಲೆಲ್ಲ ಜೀವ ಬಾಯಿಗೆ ಬರುತ್ತೆ. ಯಾರಾದ್ರೂ ಒಬ್ರು ಒಪ್ಕೋಬೇಕಿತ್ತಲ್ಲ."

"ನಾನು ಆವತ್ತು ನಿದ್ದೆ ಮಾಡಿರ್ಲಿಲ್ಲ."

"ಆಯ್ತು ಬಿಡಿ," ಎಂದಳು ಅವಳು, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಈಗ್ಯಾಕೆ ಅದೆಲ್ಲ."

ಗಸ್ತಣ್ಣ ಅವಳನ್ನು ದಾಟಿ ಹಿತ್ತಲಿಗೆ ಹೋದ. ಉಳಿ, ಸುತ್ತಿಗೆ ಹುಡುಕಿ ತೆಗೆದ. ಏಣಿಯನ್ನು ಅತ್ತಿಮರಕ್ಕೆ ಒರಗಿಸಿ ಹತ್ತಿದ. ತಾನೇ ನುಣ್ಣಗೆ ಸವರಿದ್ದ ಸಿಮೆಂಟು ಈಗ ಕಲ್ಲಾಗಿತ್ತು. ಅದರ ಮೇಲೆಲ್ಲ ಉಗುರಿನ ಗೀರುಗಳಿದ್ದವು. ಅವನು ಹೊಡೆಯತೊಡಗಿದ. ಚೂರುಗಳು ಸಿಡಿದು ಇಸ್ತ್ರಿ ಅಂಗಿಯ ಮೇಲೆ ಬಿದ್ದವು.

"ಮುಚ್ಚಿದ್ದನ್ನ ಯಾಕೆ ಒಡೀತೀರಿ?" ಹೆಂಡತಿ ಕೆಳಗೆ ಬಂದು ಏಣಿ ಹಿಡಿದಳು. "ಬೀಳ್ತೀರ ರೀ. ನಾಳೆ ಡ್ಯೂಟಿ ಇದೆ."

ಇಟ್ಟಿಗೆ ಸಡಿಲವಾಗಿ ಹೊರಗೆ ಬಿತ್ತು. ಒಳಗಿನಿಂದ ಒಣ ವಾಸನೆ ಬಂತು, ಸದ್ದು ಯಾವುದೂ ಬರಲಿಲ್ಲ. ಕೈ ಹಾಕಿದ. ಇಲಿಗಳ ಸಣ್ಣ ಸಣ್ಣ ಮೂಳೆಗಳು, ಉಂಡೆಗಟ್ಟಿದ ಕೂದಲು. ಕೋಳಿಪುಕ್ಕ ಒಂದೂ ಇರಲಿಲ್ಲ. ಇನ್ನೂ ಆಳಕ್ಕೆ ಹೋಗಬೇಕಾಗಲಿಲ್ಲ. ಅವು ಬಾಗಿಲಿನ ಹತ್ತಿರವೇ ಇದ್ದವು, ಸಿಮೆಂಟಿನ ಒಳಮೈಗೆ ಒತ್ತಿಕೊಂಡು.

"ಏನಿದೆ ರೀ ಒಳಗೆ?"

ಅವನು ಮೊದಲನೆಯದನ್ನು ಹೊರಗೆ ತೆಗೆದ. ಬಿಳಿಯ ನಯವಾದ ತುಪ್ಪಳ, ಒಳಗೆ ಹಿಡಿಯಷ್ಟು ಎಲುಬು. ಹತ್ತಿಯಷ್ಟು ಹಗುರವಾಗಿತ್ತು. ಬಗ್ಗಿ ಕೆಳಗೆ ಚಾಚಿದ. ಮಸುಕಾಗುತ್ತಿದ್ದ ಬೆಳಕಿನಲ್ಲಿ ಅದೇನೆಂದು ಅವಳಿಗೆ ಕಾಣಲಿಲ್ಲ. ದಿನವೂ ಗೂಡಿನಿಂದ ಮೊಟ್ಟೆ ತೆಗೆದುಕೊಳ್ಳುವ ಅಭ್ಯಾಸದಿಂದ ಎರಡೂ ಕೈಗಳನ್ನು ಬೊಗಸೆ ಮಾಡಿ ಮೇಲಕ್ಕೆತ್ತಿ ಜೋಪಾನವಾಗಿ ಈಸಿಕೊಂಡಳು.

ಅವನು ಮತ್ತೆ ಪೊಟರೆಯೊಳಗೆ ಕೈ ಹಾಕಿದ.